ಹೂಂ ಇಲ್ಲದ ಕ್ಯಾಸೆಟ್ಟು

ನಾನು ಸ್ವಲ್ಪ ಅನುಮಾನದ ಪ್ರಾಣಿ. ಅಂಗಡಿಯವನು ತಕ್ಕಡಿ ಎತ್ತುವ ಮೊದಲೇ ಅದರ ತಳ ನೋಡುತ್ತೇನೆ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡ್ತೀನಿ ಅಂದರೆ ಇಳಿಯುವ ತನಕ ಅವನ ಚೀಲದ ಮೇಲಿಂದ ಕಣ್ಣು ಕೀಳುವುದಿಲ್ಲ. ಹೆಂಡತಿ ಇದನ್ನು ರೋಗ ಅನ್ನುತ್ತಾಳೆ, ನಾನು ಜಾಗ್ರತೆ ಅನ್ನುತ್ತೇನೆ. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಪರೀಕ್ಷೆ ಕೊಠಡಿಯಲ್ಲಿ ಮಕ್ಕಳ ಅಂಗೈ ಬಿಡಿಸಿ ನೋಡಿ ನೋಡಿ ಅಂಟಿಕೊಂಡ ಗುಣವೂ ಇರಬಹುದು.

ಈಚೆಗೆ ಒಬ್ಬಾಕೆ ಫೋನ್ ಮಾಡಿದ್ದಳು. ನನ್ನ ಹಳೆಯ ಕಥೆ ಪುಸ್ತಕವನ್ನು ಮತ್ತೆ ಪ್ರಕಟಿಸುತ್ತಿದ್ದಾಳೆ. ಅಚ್ಚಿನ ಪುಸ್ತಕ, ಫೋನಿನಲ್ಲಿ ಓದುವ ಇ-ಪುಸ್ತಕ, ಕಿವಿಗೆ ಕೇಳಿಸುವ ಆಡಿಯೊ, ಹೀಗೆ ಮೂರು ಬಗೆ. ಮೂರನ್ನೂ ಒಂದೇ ದಿನ ಬಿಡುವುದೋ, ಅಚ್ಚಿನದು ಒಂದಷ್ಟು ಮಾರಾಟವಾದ ಮೇಲೆ ಉಳಿದದ್ದೋ ಎಂದು ಕೇಳಿದಳು. ಒಂದೇ ದಿನ ಬಿಡಮ್ಮ ಅಂದೆ. ಹಾಗೆ ಮಾಡಿದರೆ ಅಚ್ಚಿನ ಪುಸ್ತಕ ಯಾರು ಕೊಳ್ಳುತ್ತಾರೆ ಸಾರ್ ಅಂದಳು. ಈ ಪ್ರಶ್ನೆಯನ್ನು ನಾನು ಬಹಳ ಹಿಂದೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಆಗ ಹೌದು ಹೌದು ಅಂತ ತಲೆಯಾಡಿಸಿ ಬಂದಿದ್ದೆ. ಹಾಗೆ ತಲೆಯಾಡಿಸಿದ್ದು ಇವತ್ತಿಗೂ ನನ್ನನ್ನು ಸುಡುತ್ತದೆ.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಇನ್ನೂ ಕ್ಯಾಸೆಟ್ಟಿನ ಕಾಲ. ನಮ್ಮ ಮನೆ ಪಿರಿಯಾಪಟ್ಟಣದಲ್ಲಿ, ನನ್ನ ಸ್ಕೂಲು ಹುಣಸೂರಿನಲ್ಲಿ. ಅಪ್ಪನ ತಂಗಿ, ನನ್ನ ಸೋದರತ್ತೆ, ಬೆಟ್ಟದಪುರದ ಹತ್ತಿರದ ಊರಿನಲ್ಲಿ ಮಗ ಸೊಸೆಯ ಜೊತೆ ಇದ್ದಳು. ಅವಳು ಕಥೆ ಹೇಳುವವಳು. ಅಂದರೆ ಅದೇ ಅವಳ ಕಸುಬೇನಲ್ಲ. ಕಸುಬು ಹೊಗೆಸೊಪ್ಪಿನ ಕೂಲಿ. ಹೊಲದಿಂದ ಮುರಿದು ತಂದ ಹಸಿ ಸೊಪ್ಪನ್ನು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬೆಂಕಿಗೂಡಿನ ಮನೆಯಲ್ಲಿ, ಬೇಯಿಸುವ ಮೊದಲು ಹೆಂಗಸರು ಸಾಲಾಗಿ ಕೂತು ದಾರದಲ್ಲಿ ಕಡ್ಡಿಗೆ ಕಟ್ಟುತ್ತಾರಲ್ಲ, ಆ ಕೆಲಸ. ಕೈ ಸೊಪ್ಪು ಕಟ್ಟುತ್ತಿದ್ದರೆ ಬಾಯಿ ಕಥೆ ಹೇಳುತ್ತಿತ್ತು. ಅತ್ತೆ ಬರುತ್ತಾಳೆ ಅಂದರೆ ಬೇರೆ ಬ್ಯಾರನ್ನಿನ ಹೆಂಗಸರೂ ಆ ಬ್ಯಾರನ್ನಿಗೇ ಕೂಲಿಗೆ ಬರುತ್ತಿದ್ದರಂತೆ.

ನಮ್ಮ ಕಡೆ ಕಥೆಗೆ ಒಂದು ಕಟ್ಟಳೆ ಇದೆ. ಹೇಳುವವರು ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟಬೇಕು. ಒಬ್ಬ ರಾಜ ಇದ್ದ, ಹೂಂ. ಅವನಿಗೆ ಮಕ್ಕಳಿರಲಿಲ್ಲ, ಹೂಂ. ಹೂಂ ನಿಂತರೆ ಕಥೆಯೂ ನಿಂತಿತು. ಹೂಂ ಅನ್ನುವ ರೀತಿಯಲ್ಲೇ ಹೇಳುವವರಿಗೆ ಗೊತ್ತಾಗುತ್ತದೆ, ಯಾರಿಗೆ ನಿದ್ದೆ ಬಂತು, ಯಾರ ಕಣ್ಣಲ್ಲಿ ನೀರು ಬಂತು, ಎಲ್ಲಿ ಇನ್ನಷ್ಟು ಎಳೆಯಬೇಕು, ಎಲ್ಲಿ ಮೊಟಕು ಮಾಡಬೇಕು ಅಂತ. ಇದು ನನಗೆ ಗೊತ್ತಿತ್ತು. ಹೂಂಗುಟ್ಟುತ್ತಲೇ ಬೆಳೆದವನು ನಾನು.

ಗೊತ್ತಿದ್ದೂ ಮಾಡಿದೆ. ಒಂದು ಬೇಸಿಗೆ ರಜೆಯಲ್ಲಿ ಅತ್ತೆಯನ್ನು ನಮ್ಮ ಮನೆಗೆ ಕರೆತಂದು, ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಎರವಲು ತಂದ ಒಳ್ಳೆ ಟೇಪ್ ರೆಕಾರ್ಡರನ್ನು ಎದುರಿಗಿಟ್ಟೆ. ಇದು ಮುಂದೆ ಮಾರಾಟಕ್ಕೆ ಹೋಗುವ ಕ್ಯಾಸೆಟ್ಟು, ನಮ್ಮ ಧ್ವನಿ ಬಿದ್ದರೆ ಕೆಡುತ್ತದೆ, ಅದಕ್ಕೆ ನಾನು ಹೂಂ ಅನ್ನುವುದಿಲ್ಲ, ನೀನು ನಿನ್ನ ಪಾಡಿಗೆ ಹೇಳಿಕೊಂಡು ಹೋಗು ಅಂದೆ.

"ಗ್ವಾಡೆಗೆ ಯೋಳ್ಲಾ?" ಅಂದಳು ಅತ್ತೆ.

ನಗುತ್ತಲೇ ಅಂದಳು. ಆದರೆ ಹೇಳುವಾಗ ಪ್ರತಿ ಮಾತಿನ ಕೊನೆಗೂ ಒಂದು ಗಳಿಗೆ ನಿಲ್ಲುತ್ತಿದ್ದಳು. ನಾನು ಬರೀ ತಲೆ ಆಡಿಸುತ್ತಿದ್ದೆ. ನನ್ನ ಮುಖ ನೋಡಿ, ಉಗುಳು ನುಂಗಿ, ಮುಂದಕ್ಕೆ ಹೋಗುತ್ತಿದ್ದಳು. ಬ್ಯಾರನ್ನಿನಲ್ಲಿ ಅರ್ಧ ದಿನ ನಡೆಯುತ್ತಿದ್ದ ಒಂದೊಂದು ಕಥೆಯೂ ಅರ್ಧ ಗಂಟೆಗೆ ಮುಗಿಯಿತು. ವಯಸ್ಸಾಯಿತು, ಮರೆತಿದ್ದಾಳೆ ಅಂದುಕೊಂಡೆ. ಆ ಟೇಪು ಕೇಳಿಕೊಂಡೇ ಪುಸ್ತಕ ಬರೆದೆ.

ಮೈಸೂರಿನ ಪ್ರಕಾಶಕರೊಬ್ಬರು ಪುಸ್ತಕವನ್ನೂ ಕ್ಯಾಸೆಟ್ಟನ್ನೂ ತರುತ್ತೇನೆ ಅಂದರು. ಪುಸ್ತಕಕ್ಕೆ ಅರವತ್ತು ರೂಪಾಯಿ, ನಾಲ್ಕು ಕ್ಯಾಸೆಟ್ಟಿನ ಸೆಟ್ಟಿಗೆ ನೂರ ನಲವತ್ತು. ಪುಸ್ತಕ ಈ ದಸರಾಕ್ಕೆ, ಕ್ಯಾಸೆಟ್ಟು ಬರುವ ದಸರಾಕ್ಕೆ. ನಡುವೆ ಒಂದು ವರ್ಷ ಯಾಕೆ ಅಂದೆ. ಕ್ಯಾಸೆಟ್ಟು ಮೊದಲು ಕೊಟ್ಟರೆ ಪುಸ್ತಕ ಯಾರು ಕೊಳ್ಳುತ್ತಾರೆ ಮೇಷ್ಟ್ರೇ ಅಂದರು. ಓದಲು ಬರುವವರು ಮೊದಲು ಓದಲಿ, ಬಾರದವರು ಎಲ್ಲಿಗೆ ಹೋಗುತ್ತಾರೆ, ಕಾಯುತ್ತಾರೆ ಅಂತಲೂ ಸೇರಿಸಿದರು. ನನಗೂ ಸರಿ ಅನ್ನಿಸಿತು. ನನ್ನ ಹೆಸರಿದ್ದದ್ದು ಪುಸ್ತಕದ ಮೇಲೆ ತಾನೆ. ಕೇಳಿ ತಪ್ಪಿದ್ದರೆ ತಿಳಿಸಿ ಅಂತ ಅವರು ಒಂದು ಸೆಟ್ಟು ನನ್ನ ಕೈಗೆ ಕೊಟ್ಟರು, ಹೊರಗೆ ಹೋಗಕೂಡದು ಅಂತಲೂ ಹೇಳಿದರು. ನನಗೆ ಅದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ ಅಂಗಡಿಯಲ್ಲಿ ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ನಾನೇ ಎದುರು ಕೂತು ಇನ್ನೊಂದು ಪ್ರತಿ ಮಾಡಿಸಿ, ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಸದಾ ನನ್ನ ಪೆನ್ನಿನ ಜೇಬಿನಲ್ಲಿ.

ಪುಸ್ತಕ ಬಂದ ವಾರ ಅತ್ತೆಗೆ ಒಂದು ಪ್ರತಿ ತೆಗೆದುಕೊಂಡು ಹೋದೆ. ಮೂಸಿ ನೋಡಿದಳು, ಹಾಳೆ ತಿರುವಿದಳು.

"ಇದ್ರಲ್ಲಿ ನಾನೆಲ್ಲಿವ್ನಿ ಮೊಗ?"

ಮುನ್ನುಡಿಯಲ್ಲಿ ನಮ್ಮ ಸೋದರತ್ತೆ ಎಂದು ಬರೆದಿದ್ದ ಸಾಲು ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು. ಆಮೇಲೆ, ನನ್ನ ದನಿ ಯಾವಾಗ ಬರುತ್ತದೆ ಅಂದಳು. ಬರುವ ದಸರಾಕ್ಕೆ ಅಂದೆ.

ಸಂಕ್ರಾಂತಿಗೆ ಹೋದಾಗ ಅವಳ ಗಂಟಲು ಕಟ್ಟಿತ್ತು. ಶೀತ ಅಂದಳು. ಶೀತ ಹೋಗಲಿಲ್ಲ. ಅವಳ ಮಗ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದ. ಗಂಟಲಲ್ಲಿ ಗಂಟಾಗಿದೆ, ಔಷಧಿ ಕೊಡುತ್ತೇವೆ, ಮಾತು ಕಡಿಮೆ ಮಾಡಬೇಕು, ಎಷ್ಟು ಮಾತು ಉಳಿಸಿಕೊಂಡರೆ ಅಷ್ಟು ದಿನ ದನಿ ಉಳಿದೀತು ಅಂದರಂತೆ ಡಾಕ್ಟರು. ನಾನು ನೋಡಲು ಹೋದಾಗ ಅವಳ ಚಿಂತೆ ಬೇರೆಯೇ ಇತ್ತು. ಸೊಸೆ ಬಸುರಿ.

"ಇಂಗೇ ಓದ್ರೆ ಆ ಮೊಗೀಗೆ ಯೋಳಕ್ಕೆ ನನ್ನ ಗಂಟ್ಲಿರಾಕಿಲ್ಲ ಕಣ್ಲಾ. ನಿನ್ನ ಕ್ಯಾಸೆಟ್ಟು ಒಂದು ಕೊಡು. ನಾನಿಲ್ದಿದ್ರೂ ಅದು ಯೋಳ್ತದೆ."

ಎರಡು ಪ್ರತಿ ನನ್ನ ಬೀರುವಿನಲ್ಲಿದ್ದವು. ಒಂದು ಕೊಟ್ಟಿದ್ದರೆ ಏನಾಗುತ್ತಿತ್ತು? ನನ್ನ ತಲೆಗೆ ಬಂದದ್ದು ಒಂದೇ. ಈ ಮನೆಗೆ ಬಂದರೆ ನಾಳೆ ಬೀದಿಗೆ, ನಾಡಿದ್ದು ಸಂತೆಗೆ. ಕ್ಯಾಸೆಟ್ಟೆಲ್ಲ ಪ್ರಕಾಶಕರ ಹತ್ತಿರವೇ ಇವೆ ಅತ್ತೆ, ನನ್ನ ಹತ್ತಿರ ಒಂದೂ ಇಲ್ಲ ಅಂದೆ. ಹಾಗಂದಾಗ ಬೀಗದ ಕೈ ನನ್ನ ಎದೆಯ ಮೇಲಿನ ಜೇಬಿನಲ್ಲೇ ಇತ್ತು. ಅತ್ತೆ ನನ್ನ ಮುಖವನ್ನೇ ನೋಡಿದಳು. "ನೀನು ನನ್ನ ದನಿ ಮಾರ್ಕೊಂಡಿದ್ದೀಯ ಅಂತ ಊರೋರು ಅಂತವ್ರೆ. ನಾನು ಅನ್ನಾಕಿಲ್ಲ ಬುಡು" ಅಂದಳು. ನನಗೆ ಸಿಟ್ಟು ಬಂತು. ಇಷ್ಟು ಮಾಡಿಯೂ ನನ್ನ ಮೇಲೇ ಅನುಮಾನವೇ ಅಂತ ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಕುದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಅದಾದ ಮೇಲೆ ಎರಡು ಮೂರು ತಿಂಗಳು ಆ ಕಡೆಗೆ ತಲೆ ಹಾಕಲಿಲ್ಲ.

ಆಷಾಢದಲ್ಲಿ ಒಂದು ದಿನ ಹುಣಸೂರಿನಿಂದ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ಕಂಪಲಾಪುರದಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಆಚೆ, ರಸ್ತೆ ಪಕ್ಕದ ಬ್ಯಾರನ್ನಿನ ಚಪ್ಪರದಲ್ಲಿ ಹೆಂಗಸರು ಸೊಪ್ಪು ಕಟ್ಟುತ್ತಿದ್ದರು. ನಡುವೆ ಒಂದು ಟೂ ಇನ್ ಒನ್, ರೇಡಿಯೋ ಟೇಪು ಎರಡೂ ಇರುವಂಥದ್ದು. ಅದರಿಂದ ಅತ್ತೆಯ ದನಿ ಬರುತ್ತಿತ್ತು. ಉಪ್ಪಿನ ಮೂಟೆ ಹೊತ್ತು ಹೊಳೆ ದಾಟುವ ಸೊಸೆಯ ಕಥೆ, ನನ್ನ ಪುಸ್ತಕದ ಮೊದಲನೆಯ ಕಥೆ.

ನಾನು ಚೀಲ ಹಿಡಿದು ಇಳಿದೇಬಿಟ್ಟೆ. ಪ್ಯಾಂಟು ಷರ್ಟು ಹಾಕಿಕೊಂಡವನೊಬ್ಬ ದಾಪುಗಾಲಲ್ಲಿ ಬರುವುದನ್ನು ಕಂಡು ಒಬ್ಬಾಕೆ ಟೇಪು ಆರಿಸಿ ಸೊಪ್ಪಿನ ರಾಶಿಯ ಹಿಂದಕ್ಕೆ ತಳ್ಳಿದಳು. ಏನದು ಅಂದೆ. ರೇಡಿಯೋ ಅಂದರು. ಕ್ಯಾಸೆಟ್ಟು ಎಲ್ಲಿಂದ ಬಂತು ಅಂದೆ. ಯಾವ ಕ್ಯಾಸೆಟ್ಟು ಸಾ ಅಂದರು. ಅವರ ಕಣ್ಣಿಗೆ ನಾನು ಯಾವ ಆಫೀಸಿನವನೋ, ಯಾರಿಗೆ ಗೊತ್ತು. ಬಸ್ಸೂ ಹೋಗಿತ್ತು.

ಆ ಹೊತ್ತಿನಿಂದ ನನ್ನ ನೆಮ್ಮದಿ ಹಾಳಾಯಿತು. ಮೊದಲು ಬೀರು ತೆಗೆದು ನೋಡಿದೆ, ಎರಡೂ ಪ್ರತಿ ಇದ್ದವು. ಹೆಂಡತಿಯನ್ನು ಕೇಳಿದೆ. ನಿಮ್ಮ ಬೀಗದ ಕೈ ನನಗೆ ಕನಸಲ್ಲೂ ಸಿಕ್ಕುವುದಿಲ್ಲ ಅಂದಳು. ಅಲ್ಲಿಗೆ ಉಳಿದವನು ಹುಣಸೂರಿನ ಕ್ಯಾಸೆಟ್ ಅಂಗಡಿಯವನು. ನಾನು ಪ್ರತಿ ಮಾಡಿಸುತ್ತಾ ಕೂತಿದ್ದಾಗ ಒಂದು ಸಲ ಟೀ ಕುಡಿಯಲು ಎದ್ದು ಹೋಗಿದ್ದು ನೆನಪಾಯಿತು. ಮಾರನೆಯ ದಿನವೇ ಅವನ ಅಂಗಡಿಗೆ ಹೋಗಿ, ಹಾಡಿನ ಕ್ಯಾಸೆಟ್ ಕೊಳ್ಳುವವನ ಹಾಗೆ ನಟಿಸಿ, ಗಾಜಿನ ಕಪಾಟಿನ ಒಂದೊಂದೇ ಸಾಲು ಹುಡುಕಿದೆ. ಅವನು ಕೊನೆಗೆ ಸ್ಟೂಲಿನಿಂದ ಇಳಿದು ಬಂದ.

"ಏನ್ ಹುಡುಕ್ತಿದ್ದೀರಿ ಅಂತ ನಂಗೆ ಗೊತ್ತು ಮೇಷ್ಟ್ರೇ. ಆ ಅಜ್ಜಿ ಕತೆ ಕೇಳ್ಕೊಂಡು ಇಲ್ಲಿಗೂ ಜನ ಬಂದಿದ್ರು. ಇಲ್ಲ ಅಂದೆ. ಇದ್ದಿದ್ರೆ ಮಾರಿರ್ತಿದ್ದೆ ಕಣ್ರೀ, ಸುಳ್ಳು ಯಾಕೆ ಹೇಳ್ಲಿ?"

ಇಷ್ಟು ನೇರವಾಗಿ ಹೇಳುವವನು ಖಂಡಿತ ಕಳ್ಳನೇ ಅಂದುಕೊಂಡು ಬಂದೆ.

ಆಮೇಲೆ ಮೈಸೂರಿಗೆ ಹೋದೆ. ಪ್ರಕಾಶಕರೇ ಹಿಂಬಾಗಿಲಿನಿಂದ ಬಿಟ್ಟಿದ್ದರೆ? ಬೇಲಿಯೇ ಎದ್ದು ಹೊಲ ಮೇಯುವುದು ಹೊಸದೇನಲ್ಲ. ಆದರೆ ಅವರು ನಾನು ಹೇಳಿ ಮುಗಿಸುವ ಮೊದಲೇ ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿಯಲ್ಲಿ ಗೊತ್ತಾಯಿತು, ಅವರ ಅನುಮಾನ ನನ್ನ ಮೇಲೆ. ಹೊರಗೆ ಹೋಗಿದ್ದು ನಿಮಗೆ ಕೊಟ್ಟ ಸೆಟ್ಟೊಂದೇ ಮೇಷ್ಟ್ರೇ ಅಂದರು. ಊರಲ್ಲೆಲ್ಲ ಪುಕ್ಕಟೆ ಸಿಗುವ ಮಾಲಿಗೆ ನೂರ ನಲವತ್ತು ಯಾರು ಕೊಡುತ್ತಾರೆ, ಈ ದಸರಾಕ್ಕೆ ಬೇಡ, ಗಲಾಟೆ ತಣ್ಣಗಾದ ಮೇಲೆ ನೋಡೋಣ ಅಂದರು. ನಾನು ಆಗಲೂ ಅತ್ತೆಯ ಗಂಟಲಿನ ವಿಷಯ ಎತ್ತಲಿಲ್ಲ. ನನ್ನ ಮರ್ಯಾದೆಯ ಮಾತನ್ನೇ ಆಡಿ ಬಂದೆ.

ಆಮೇಲೆ ನಾನೇ ಪತ್ತೇದಾರನಾದೆ. ತರಬೇತಿಯ ಕೆಲಸಕ್ಕೆ ಕೆ.ಆರ್. ನಗರ ತಾಲ್ಲೂಕಿನ ಭೇರ್ಯಕ್ಕೆ ಹೋಗಬೇಕಾಗಿ ಬಂದಿತ್ತು. ಅಲ್ಲಿ ಊಟಕ್ಕೆ ಕರೆದ ಮನೆಯ ಒಳಗಿನಿಂದ ಅದೇ ದನಿ ಕೇಳಿತು. ಈ ಸಲ ಗಡಿಬಿಡಿ ಮಾಡಲಿಲ್ಲ. ಊಟ ಚೆನ್ನಾಗಿದೆ ಅಂತ ಹೊಗಳಿ, ಕಥೆ ಚೆನ್ನಾಗಿದೆ ಅಂತ ಹೊಗಳಿ, ಮೆಲ್ಲಗೆ ಕ್ಯಾಸೆಟ್ಟನ್ನು ಒಂದು ವಾರಕ್ಕೆ ಎರವಲು ಕೇಳಿದೆ. ಎಲ್ಲಿ ಕೊಂಡಿರಿ ಅಂದರೆ, ಕೊಂಡಿದ್ದಲ್ಲ, ಅಮ್ಮ ಕಳಿಸಿದ್ದು ಅಂದಳು ಆ ಮನೆಯ ಸೊಸೆ. ತವರು ಬೆಟ್ಟದಪುರದ ಕಡೆ. ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಎಚ್.ಡಿ. ಕೋಟೆಯವರು. ನಾನು ಈ ವಿಷಯ ಹೇಳಿಕೊಂಡು ಕೊರಗುವುದನ್ನು ಕೇಳಿ, ಅಯ್ಯೋ ಅದು ನಮ್ಮ ಅಣ್ಣನ ಮನೆಯಲ್ಲೂ ಇದೆ, ಅತ್ತಿಗೆಯ ತಾಯಿ ಕೊಟ್ಟಿದ್ದಂತೆ ಎಂದು ಆ ವಾರದ ಕೊನೆಗೆ ತಂದುಕೊಟ್ಟರು. ಎರಡೂ ಹಳೆ ಸಿನಿಮಾ ಹಾಡಿನ ಕ್ಯಾಸೆಟ್ಟುಗಳು. ಮೇಲೆ ಕಾಗದ ಅಂಟಿಸಿ, ಹಾಡು ಅಳಿಸಿ ಕಥೆ ತುಂಬಿಸಿದ್ದರು. ಇದು ಪಕ್ಕಾ ಕಳ್ಳ ಮಾಲೇ ಅಂತ ನನಗೆ ಒಳಗೊಳಗೇ ಖುಷಿಯಾಯಿತು. ಸಾಕ್ಷಿ ಕೈಗೆ ಸಿಕ್ಕಿತಲ್ಲ.

ಭಾನುವಾರ ಬೆಳಿಗ್ಗೆ ನನ್ನ ಕ್ಯಾಸೆಟ್ಟನ್ನೂ ಈ ಎರಡನ್ನೂ ಮುಂದಿಟ್ಟುಕೊಂಡು ಕೂತೆ. ಮಾತಿಗೆ ಮಾತು ಹೋಲಿಸಿ, ನನ್ನ ಟೇಪಿನ ನಕಲು ಇದು ಎಂದು ಬರೆದು ಪ್ರಕಾಶಕರಿಗೆ ಕಳಿಸಬೇಕು ಅಂತ.

ಮೊದಲು ಭೇರ್ಯದ್ದು ಹಾಕಿದೆ. ಅತ್ತೆ ಶುರು ಮಾಡಿದಳು. ಅವಳ ಮಾತು ನಿಂತ ಕೂಡಲೇ, ಹೂಂ. ಹೆಂಗಸೊಬ್ಬಳ ದನಿ. ಮುಂದಿನ ಮಾತು, ಹೂಂ. ಸೊಸೆ ಉಪ್ಪಿನ ಮೂಟೆ ಹೊತ್ತು ಹೊಳೆಗೆ ಇಳಿಯುವ ಹೊತ್ತಿಗೆ ಮೂರು ನಾಲ್ಕು ಜನ ಹೂಂ ಅನ್ನುತ್ತಿದ್ದರು. ಒಬ್ಬಾಕೆ ಅಯ್ಯೋ ಅಂದಳು. ಅತ್ತೆ ಆ ಅಯ್ಯೋ ಹಿಡಿದುಕೊಂಡು ಹೊಳೆಯ ನೀರನ್ನು ಇನ್ನೂ ಏರಿಸಿದಳು. ನನ್ನ ಟೇಪಿನಲ್ಲಿ ಎರಡು ಮಾತಲ್ಲಿ ದಾಟಿದ ಹೊಳೆ ಇಲ್ಲಿ ಕಾಲು ಗಂಟೆಯಾದರೂ ಮುಗಿಯಲಿಲ್ಲ. ಮೂಟೆಯ ಉಪ್ಪು ಕರಗುತ್ತಾ ಹೋಗುವುದು, ಹೊರೆ ಹಗುರವಾಗುತ್ತಿದೆ ಅಂತ ಅವಳಿಗೆ ಸುಖವಾಗುವುದು, ಸುಖವಾಯಿತಲ್ಲ ಅಂತ ಹೆದರಿಕೆಯಾಗುವುದು, ಇದೊಂದೂ ನನ್ನ ಪುಸ್ತಕದಲ್ಲಿರಲಿಲ್ಲ. ಅತ್ತೆ ಮರೆತಿದ್ದಳು ಅಂದುಕೊಂಡಿದ್ದೆನಲ್ಲ.

ಎಚ್.ಡಿ. ಕೋಟೆಯದ್ದು ಹಾಕಿದೆ. ಅದೇ ಕಥೆ, ಅದೇ ಅತ್ತೆ. ಆದರೆ ಹೂಂ ಅನ್ನುವವರು ಬೇರೆ, ಮಾತು ಬೇರೆ, ಹೊಳೆಯಲ್ಲಿ ಈ ಸಲ ಅಂಬಿಗನೂ ಬಂದಿದ್ದ. ದನಿ ಮಾತ್ರ ಬಹಳ ಇಳಿದಿತ್ತು, ಒಂದೊಂದು ಮಾತಿಗೂ ಗಂಟಲು ಸರಿ ಮಾಡಿಕೊಳ್ಳುತ್ತಿದ್ದಳು. ನಕಲು ಅಲ್ಲ. ಎರಡೂ ಬೇರೆ ಬೇರೆ ದಿನ ಕೂತು ಹೇಳಿದ್ದು. ಟೇಪು ಆರಿಸಿ, ಅಂಗಿ ಹಾಕಿಕೊಂಡು ಬೆಟ್ಟದಪುರದ ಬಸ್ಸು ಹತ್ತಿದೆ.

ಅತ್ತೆ ಜಗಲಿಯ ಮಂಚದಲ್ಲಿ ಮಲಗಿದ್ದಳು. ನೋಡಿ ಕೈ ಎತ್ತಿದಳು, ಮಾತಾಡಲಿಲ್ಲ. ಅವಳ ಸೊಸೆ ತಿಂಗಳ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳೇ ಎಲ್ಲ ಹೇಳಿದಳು. ನಾನು ಇಲ್ಲ ಅಂದು ಹೋದ ಮೇಲೆ ಬ್ಯಾರನ್ನಿನ ಯಜಮಾನರ ಮನೆಯ ಟೂ ಇನ್ ಒನ್ ಕೇಳಿ ತಂದರಂತೆ. ಹುಟ್ಟುವ ಮಗುವಿಗೆ ಅಂತ ಅತ್ತೆ ಒಂದು ಕ್ಯಾಸೆಟ್ಟಿಗೆ ಕಥೆ ಹೇಳಿದಳಂತೆ, ಸೊಪ್ಪು ಕಟ್ಟುವ ಹೆಂಗಸರು ಸುತ್ತ ಕೂತು ಹೂಂಗುಟ್ಟಿದರಂತೆ. ಅವರಿಗೂ ಬೇಕೆನಿಸಿತು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಕಳಿಸಲು. ಆ ಟೂ ಇನ್ ಒನ್ನಿನಲ್ಲಿ ಕ್ಯಾಸೆಟ್ಟು ಹಾಕುವ ಬಾಯಿ ಒಂದೇ. ಒಂದರಿಂದ ಇನ್ನೊಂದಕ್ಕೆ ಇಳಿಸಬಹುದು, ಹುಣಸೂರಿಗೆ ಹೋದರೆ ಗಂಟೆಯಲ್ಲಿ ಮಾಡಿಕೊಡುತ್ತಾರೆ ಅನ್ನುವುದು ಅಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದಕ್ಕೇ ಅತ್ತೆ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದಳು. ಬೆಲೆ ಒಂದೇ. ಕ್ಯಾಸೆಟ್ಟು ಅವರೇ ತರಬೇಕು, ಮತ್ತು ಮುಗಿಯುವ ತನಕ ಕೂತು ಹೂಂಗುಟ್ಟಬೇಕು.

"ಹದಿನೇಳು ಆದ್ವು ಬಾವ," ಅಂದಳು ಸೊಸೆ. "ಡಾಕ್ಟ್ರು ಮಾತಾಡ್ಬ್ಯಾಡಿ ಅಂದವ್ರೆ ಅಂತ ನಾನೂ ಬೈದೆ. ಕೊನೇದು ಮುಗ್ಸೋ ಒತ್ಗೆ ದನೀನೇ ಇರ್ನಿಲ್ಲ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀರುವಿನಲ್ಲಿ ಎರಡು ಪ್ರತಿ ಇಟ್ಟುಕೊಂಡು ನಾನು ತಾಲ್ಲೂಕು ತಾಲ್ಲೂಕು ಅಲೆದು ಕಳ್ಳನನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ಉಳಿದಿದ್ದ ದನಿಯನ್ನೆಲ್ಲ ಹದಿನೇಳು ಮನೆಗೆ ಹಂಚಿ ಮುಗಿಸಿದ್ದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮಾರನೆಯ ದಿನ ಸ್ಕೂಲಿಗೆ ರಜೆ ಹಾಕಿ, ಬೀರುವಿನ ಕ್ಯಾಸೆಟ್ಟನ್ನೂ ನಮ್ಮ ಮನೆಯ ಟೇಪ್ ರೆಕಾರ್ಡರನ್ನೂ ಹೊತ್ತುಕೊಂಡು ಮತ್ತೆ ಹೋದೆ. ಅತ್ತೆಯ ಮಂಚದ ಪಕ್ಕ ಇಟ್ಟು, ಇದು ನನ್ನ ಹತ್ತಿರವೇ ಇತ್ತು ಅತ್ತೆ, ಸುಳ್ಳು ಹೇಳಿದ್ದೆ ಅಂದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಹಾಕು ಅಂತ ಸನ್ನೆ ಮಾಡಿದಳು.

ಸ್ವಚ್ಛವಾದ ದನಿ. ಫ್ಯಾನಿನ ಸದ್ದಿಲ್ಲ, ಕಾಗೆಯ ಸದ್ದಿಲ್ಲ. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಒಂದು ಮಾತು, ಆಮೇಲೆ ಸುಮ್ಮನೆ. ಇನ್ನೊಂದು ಮಾತು, ಸುಮ್ಮನೆ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಹತ್ತಿರ ಬಾ ಅಂತ ಕರೆದಳು. ಕಿವಿ ಅವಳ ತುಟಿಯ ಹತ್ತಿರ ಇಟ್ಟೆ. ಬರೀ ಉಸಿರಿನಲ್ಲಿ ಹೇಳಿದಳು.

"ಇದ್ರಲ್ಲಿ ಯಾರೂ ಇಲ್ವಲ್ಲ ಮೊಗ."

ಟೇಪು ಓಡುತ್ತಲೇ ಇತ್ತು. ಉಪ್ಪಿನ ಮೂಟೆ ಹೊತ್ತ ಸೊಸೆ ಹೊಳೆಯ ದಂಡೆಗೆ ಬಂದಿದ್ದಳು. ಅಲ್ಲಿ ಅತ್ತೆ ಮಾತು ನಿಲ್ಲಿಸಿ ಕಾದಳು. ಆ ದಿನ ಆ ಗಳಿಗೆಯಲ್ಲಿ ಅವಳು ನನ್ನ ಮುಖ ನೋಡಿದ್ದು ನನಗೆ ನೆನಪಿತ್ತು. ಟೇಪಿನ ಹತ್ತಿರಕ್ಕೆ ಬಗ್ಗಿ ನಾನು ಹೂಂ ಅಂದೆ. ಅಷ್ಟರಲ್ಲಿ ಟೇಪಿನ ಅತ್ತೆ ಉಗುಳು ನುಂಗಿ ಮುಂದಿನ ಮಾತಿಗೆ ಹೋಗಿದ್ದಳು.